ಐದು ಅಂಕದ ಪತ್ರ ಮತ್ತು ಮಗುವಿನ ಸ್ವಂತ ವಾಕ್ಯ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಕೊನೆಯ ಭಾಗದಲ್ಲಿ ಐದು ಅಂಕಗಳಿಗೆ ಒಂದು ಪತ್ರ ಬರೆಯಬೇಕಾಗುತ್ತದೆ. ತಂದೆಗೋ ಗೆಳತಿಗೋ ಬರೆಯುವ ಖಾಸಗಿ ಪತ್ರ ಒಂದು ಆಯ್ಕೆಯಾದರೆ, ಅಧಿಕಾರಿಗೋ ಪತ್ರಿಕೆಯ ಸಂಪಾದಕರಿಗೋ ಬರೆಯುವ ವ್ಯಾವಹಾರಿಕ ಪತ್ರ ಇನ್ನೊಂದು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿ, ಅವುಗಳಲ್ಲಿ ಹೆಚ್ಚಿನ ವರ್ಷ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮೌಲ್ಯಮಾಪನ ಕೇಂದ್ರದ ಬೆಂಚಿನ ಮೇಲೆ ಕುಳಿತು, ಸಂಪಾದಕರ ಹೆಸರಿಗೆ ಬರೆದ ಸಾವಿರಾರು ಪತ್ರಗಳಿಗೆ ಅಂಕ ಹಾಕಿರುವ ನಾನು ನಿಜವಾಗಿ ಒಬ್ಬ ಸಂಪಾದಕರಿಗೆ ಬರೆಯುತ್ತಿರುವುದು ಇದೇ ಮೊದಲು. ಪತ್ರ ಉದ್ದವಾಗಿದ್ದರೆ ಮೇಷ್ಟರ ಹಳೆಯ ಚಟವೆಂದು ಮನ್ನಿಸಬೇಕು.

ಆ ಪತ್ರಗಳ ಬಗ್ಗೆಯೇ ಮೊದಲು ಹೇಳಬೇಕು. ‘ಐ ವುಡ್ ಲೈಕ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್’ ಎಂದು ಶುರುವಾಗುವ ವಾಕ್ಯವನ್ನು ಒಂದೇ ಕಟ್ಟಿನ ಅಷ್ಟೂ ಉತ್ತರಪತ್ರಿಕೆಗಳಲ್ಲಿ, ಒಂದೇ ಪದದಲ್ಲಿ ಒಂದೇ ಅಕ್ಷರ ತಪ್ಪಿಹೋಗಿರುವುದರ ಸಮೇತ ಓದಿದ್ದೇನೆ. ಪ್ರಶ್ನೆ ಕುಡಿಯುವ ನೀರಿನದಾಗಿದ್ದರೆ ಉತ್ತರ ಬೀದಿನಾಯಿಗಳದು. ಪ್ರಶ್ನೆಯಲ್ಲಿ ಕೇಳಿದ್ದು ರಸ್ತೆಯ ದುರಸ್ತಿಯಾದರೆ ಮಗು ಬರೆದದ್ದು ಚರಂಡಿಯ ಸೊಳ್ಳೆಗಳನ್ನು. ನೋಟ್ಸಿನಲ್ಲಿ ‘ಇಲ್ಲಿ ನಿಮ್ಮ ಊರಿನ ಹೆಸರು’ ಎಂದು ಇಂಗ್ಲಿಷಿನಲ್ಲಿ ಬಿಟ್ಟಿದ್ದ ಸೂಚನೆಯನ್ನೂ ಹಾಗೆಯೇ ಅಂದವಾದ ಅಕ್ಷರಗಳಲ್ಲಿ ನಕಲು ಮಾಡಿದ್ದ ಒಂದು ಉತ್ತರಪತ್ರಿಕೆಯನ್ನು ನೋಡಿ ನಮ್ಮ ಕೊಠಡಿಯವರೆಲ್ಲ ನಕ್ಕಿದ್ದೆವು. ನಗು ನಿಂತ ಮೇಲೆ, ಆ ಮಗುವಿಗೆ ಹಾಗೆ ಬರೆಯಲು ಕಲಿಸಿದವರು ನಮ್ಮಂಥವರೇ ಎಂಬುದು ಹೊಳೆದು ಯಾರೂ ಮಾತನಾಡಲಿಲ್ಲ. ಮೇಲಿನ ವಿಳಾಸ, ದಿನಾಂಕ, ಸಂಬೋಧನೆ, ಕೆಳಗಿನ ‘ಯುವರ್ಸ್ ಫೇತ್‌ಫುಲಿ’ ಇಷ್ಟು ಸರಿಯಾಗಿದ್ದರೆ ಪತ್ರದ ಒಡಲಿನಲ್ಲಿ ಏನೇ ಇದ್ದರೂ ಒಂದೆರಡು ಅಂಕಕ್ಕೆ ಮೋಸವಿಲ್ಲ ಎಂಬುದು ಮಕ್ಕಳಿಗೂ ಗೊತ್ತು, ನಮಗೂ ಗೊತ್ತು.

ಈಗ ಪೂರ್ವಸಿದ್ಧತಾ ಪರೀಕ್ಷೆಗಳ ಕಾಲ. ಶಾಲೆಗಳಲ್ಲಿ ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಒಂದು, ಕೆಲವೆಡೆ ರಾತ್ರಿ ತರಗತಿಯೂ ನಡೆಯುತ್ತಿದೆ. ‘ನಿಧಾನ ಕಲಿಕೆಯ ಮಕ್ಕಳು’ ಎಂದು ಒಂದು ಪಟ್ಟಿ ಮಾಡಿ, ಅವರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಹಾಳೆಗಳ ಕಂತೆಯನ್ನು ಕೊಟ್ಟು, ಇಷ್ಟನ್ನು ಉರು ಹೊಡೆದರೆ ಸಾಕು ಎಂದು ಹೇಳಲಾಗುತ್ತದೆ. ಇದನ್ನು ಮಾಡುವ ಶಿಕ್ಷಕರನ್ನು ನಾನು ದೂರುವವನಲ್ಲ. ಆ ಕಂತೆಗಳನ್ನು ನಾನೂ ತಯಾರಿಸಿದ್ದೇನೆ, ಜೆರಾಕ್ಸಿಗೆ ಸ್ವಂತ ದುಡ್ಡು ಹಾಕಿದ್ದೇನೆ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಮತ್ತು ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಕೃಪಾಂಕಗಳನ್ನು ಸೇರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು, ಕೃಪಾಂಕವಿಲ್ಲದ 2025ರ ಪರೀಕ್ಷೆ-1ರಲ್ಲಿ ಅದು ಶೇ 66.14. ಇಂಥ ಅಂಕಿಅಂಶ ಹೊರಬಿದ್ದ ಮರುದಿನದಿಂದಲೇ ಮೇಲಿನ ಕಚೇರಿಯಿಂದ ಮುಖ್ಯೋಪಾಧ್ಯಾಯರಿಗೆ, ಮುಖ್ಯೋಪಾಧ್ಯಾಯರಿಂದ ವಿಷಯ ಶಿಕ್ಷಕರಿಗೆ ಒತ್ತಡ ಇಳಿದು ಬರುತ್ತದೆ, ಮತ್ತು ಒತ್ತಡ ಹೆಚ್ಚಿದಷ್ಟೂ ಪ್ಯಾಕೇಜಿನ ಹಾಳೆಗಳು ಕಡಿಮೆಯಾಗುತ್ತ, ಉರು ಹೊಡೆಯುವ ಹೊತ್ತು ಹೆಚ್ಚುತ್ತ ಹೋಗುತ್ತದೆ. ನನ್ನ ತಕರಾರು ಇರುವುದು ಒಂದೇ ವಿಷಯಕ್ಕೆ. ಈ ಸಿದ್ಧತೆಯ ಇಡೀ ಮೂರು ತಿಂಗಳಲ್ಲಿ ಮಗು ತನ್ನದೇ ಆದ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಕಟ್ಟುವ ಸಂದರ್ಭ ಬರುವುದಿಲ್ಲ. ವಾಕ್ಯ ಕಟ್ಟಲು ಬಾರದ ಮಗು ಪ್ಯಾಕೇಜಿನಿಂದಲೂ ಪಾಸಾಗುವುದು ಕಷ್ಟ ಎಂಬುದು ನಾನು ತಡವಾಗಿ ಕಲಿತ ಪಾಠ.

ಅದನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ. ಅವಳ ಊರಿಗೆ ಸಂಜೆಯ ಬಸ್ಸು ನಿಂತುಹೋಗಿತ್ತು. ವಿಶೇಷ ತರಗತಿ ಮುಗಿಸಿ ನಾಲ್ಕು ಕಿಲೋಮೀಟರು ನಡೆದು ಮನೆ ಸೇರುವ ಐದಾರು ಹುಡುಗಿಯರಲ್ಲಿ ಅವಳೂ ಒಬ್ಬಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಂದದ್ದು ಊರಿಗೆ ಬಸ್ಸಿನ ಸೌಲಭ್ಯ ಕೋರಿ ಡಿಪೊ ವ್ಯವಸ್ಥಾಪಕರಿಗೆ ಪತ್ರ ಬರೆಯುವ ಪ್ರಶ್ನೆ. ಅವಳು ಬರೆದದ್ದು ಚರಂಡಿಯ ಪತ್ರವನ್ನು. ಕರೆದು ಕೇಳಿದೆ. ‘ಅದೊಂದೇ ಸಾರ್ ಬಾಯಿಪಾಠ ಆಗಿರೋದು’ ಎಂದಳು. ಪುಸ್ತಕ ಮುಚ್ಚಿಸಿ, ಬಸ್ಸಿಲ್ಲದೆ ಏನು ತೊಂದರೆ ಎಂದು ಕನ್ನಡದಲ್ಲಿ ಹೇಳು ಎಂದೆ. ಬಸ್ಸು ಯಾವ ತಿಂಗಳಿಂದ ನಿಂತಿದೆ, ಎಷ್ಟು ಮಂದಿ ನಡೆಯುತ್ತಾರೆ, ದಾರಿಯಲ್ಲಿ ತೋಪಿನ ಹತ್ತಿರ ದೀಪವಿಲ್ಲ, ಅದೇ ಕಾರಣಕ್ಕೆ ಇಬ್ಬರು ಹುಡುಗಿಯರನ್ನು ಮನೆಯವರು ಸಂಜೆ ತರಗತಿಗೆ ಬಿಡುತ್ತಿಲ್ಲ, ಬಸ್ಸನ್ನು ಆರು ಗಂಟೆಗೆ ಬಿಟ್ಟರೆ ಎಲ್ಲರಿಗೂ ಅನುಕೂಲ ಎಂದು ಯಾವ ಸಂಪಾದಕರೂ ತಿದ್ದಬೇಕಿಲ್ಲದ ಕ್ರಮದಲ್ಲಿ ಹೇಳಿದಳು. ಅವಳು ಹೇಳಿದ ಒಂದೊಂದು ಮಾತಿಗೂ ಆರೇಳು ಪದ ಮೀರದ ಒಂದೊಂದು ಇಂಗ್ಲಿಷ್ ವಾಕ್ಯವನ್ನು ಇಬ್ಬರೂ ಸೇರಿ ಕಟ್ಟಿದೆವು. ‘ದ ಈವ್ನಿಂಗ್ ಬಸ್ ಸ್ಟಾಪ್ಡ್ ಇನ್ ಆಗಸ್ಟ್. ಸಿಕ್ಸ್ ಗರ್ಲ್ಸ್ ವಾಕ್ ಹೋಮ್. ದೇರ್ ಈಸ್ ನೋ ಲೈಟ್ ನಿಯರ್ ದ ಗ್ರೋವ್.’ ಅದರಲ್ಲಿ ಅವಳಿಗೆ ಗೊತ್ತಿಲ್ಲದಿದ್ದ ಪದ ‘ಗ್ರೋವ್’ ಒಂದೇ. ಮಿಕ್ಕದ್ದೆಲ್ಲ ಅವಳ ಬಳಿಯೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಸ್ಸು ಬಂತೇ ಎಂದು ಓದುಗರು ಕೇಳಬಹುದು. ಆ ವರ್ಷ ಬರಲಿಲ್ಲ. ಹುಡುಗಿ ಮಾತ್ರ ಮುಖ್ಯ ಪರೀಕ್ಷೆಯಲ್ಲಿ ತನ್ನ ವಾಕ್ಯಗಳಲ್ಲೇ ಪತ್ರ ಬರೆದು ಬಂದಳು.

ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ವಾಕ್ಯ ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಲು ದೊಡ್ಡ ಸಂಶೋಧನೆ ಬೇಕಿಲ್ಲ, ಮೂವತ್ತು ಉತ್ತರಪತ್ರಿಕೆ ಸಾಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ನಾವು ‘ಊರಿಗೆ, ಊರಲ್ಲಿ, ಊರಿಂದ’ ಎಂದು ನಾಮಪದದ ಬಾಲಕ್ಕೆ ಪ್ರತ್ಯಯ ಹಚ್ಚುತ್ತೇವೆ. ಅವರು ಆ ಕೆಲಸವನ್ನು ನಾಮಪದಕ್ಕೆ ಮೊದಲೇ ಬರುವ ಪುಟ್ಟ ಪದಗಳಿಂದ ಮಾಡಿಸುತ್ತಾರೆ. ಪ್ರಶ್ನೆ ಕೇಳಲು ನಮಗೆ ‘ಬಂದ’ ಎಂಬುದನ್ನು ‘ಬಂದನೇ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಎಲ್ಲಿಂದಲೋ ಒಂದು ‘ಡಿಡ್’ ಬಂದು, ‘ಕೇಮ್’ ಇದ್ದದ್ದು ‘ಕಮ್’ ಆಗಬೇಕು. ಕೆಳಗೆರೆ ಎಳೆದ ಪದವೇ ಉತ್ತರವಾಗುವಂತೆ ಪ್ರಶ್ನೆ ರಚಿಸಿ ಎಂಬ ಸರಳ ಪ್ರಶ್ನೆಯಲ್ಲಿ ಮಕ್ಕಳು ಸೋಲುವುದು ಈ ‘ಡಿಡ್’ ಎಂಬ ಅತಿಥಿಯ ಕಾರಣಕ್ಕೆ. ಇದಕ್ಕಿಂತಲೂ ಕಠಿಣವಾದದ್ದು ರಿಪೋರ್ಟೆಡ್ ಸ್ಪೀಚ್. ‘ನಾಳೆ ಬರುತ್ತೇನೆ ಎಂದು ರಾಮ ಹೇಳಿದ’ ಎಂಬ ಕನ್ನಡ ವಾಕ್ಯದಲ್ಲಿ ರಾಮನ ಬಾಯಿಂದ ಬಂದ ಮಾತು ಹಾಗೆಯೇ ಉಳಿಯುತ್ತದೆ; ‘ಎಂದು’ ಎಂಬ ಒಂದು ಪದ ಅದನ್ನು ಜೋಪಾನವಾಗಿ ಹಿಡಿದುಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದೇ ಮಾತಿನ ‘ನಾನು’ ‘ಅವನು’ ಆಗಬೇಕು, ಕಾಲ ಹಿಂದಕ್ಕೆ ಸರಿಯಬೇಕು, ‘ನಾಳೆ’ ಎಂಬುದು ‘ಮರುದಿನ’ ಆಗಬೇಕು. ಆಡಿದ ಮಾತನ್ನು ಇಷ್ಟೆಲ್ಲ ಏಕೆ ಬದಲಿಸಬೇಕು ಎಂದು ಮಗುವಿಗೆ ಅನ್ನಿಸುವುದು ದಡ್ಡತನವಲ್ಲ, ಅದು ಅದರ ತಾಯ್ನುಡಿಯ ಜಾಣತನ. ಇದನ್ನು ಕರಿಹಲಗೆಯ ಮೇಲೆ ಎರಡು ವಾಕ್ಯಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ತೋರಿಸದೆ ನಿಯಮಗಳ ಪಟ್ಟಿ ಕೊಟ್ಟರೆ ಮೂರು ತಿಂಗಳಾದರೂ ತಿಳಿಯುವುದಿಲ್ಲ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೇಳಿಸಬಾರದು ಎಂದು ನಂಬಿದ ಅಧಿಕಾರಿಗಳು ನನ್ನ ತರಗತಿಗೂ ಬಂದು ಹೋಗಿದ್ದಾರೆ. ಮಗುವಿನ ಕಿವಿಗೆ ಇಂಗ್ಲಿಷ್ ಹೆಚ್ಚು ಬೀಳಬೇಕು ಎಂಬ ಅವರ ಆಶಯ ಸರಿಯಾದದ್ದೇ. ಆದರೆ ಕರ್ತರಿ-ಕರ್ಮಣಿ ಪ್ರಯೋಗವನ್ನು ಪಕ್ಕದ ಕೊಠಡಿಯಲ್ಲಿ ಕನ್ನಡ ಪಂಡಿತರು ಆಗಲೇ ಕಲಿಸಿರುವಾಗ, ಅದರ ನೆರವಿಲ್ಲದೆ ಆ್ಯಕ್ಟಿವ್-ಪ್ಯಾಸಿವ್ ಕಲಿಸುತ್ತೇನೆ ಎನ್ನುವುದು ಮನೆಯಲ್ಲಿ ದೀಪವಿದ್ದೂ ಕತ್ತಲಲ್ಲಿ ಹುಡುಕಿದಂತೆ. ನಾನೂ ನಮ್ಮ ಕನ್ನಡ ಶಿಕ್ಷಕರೂ ಒಂದು ವರ್ಷ ಇಂಥ ಪಾಠಗಳನ್ನು ಒಂದೇ ವಾರದಲ್ಲಿ ಬರುವಂತೆ ಹೊಂದಿಸಿಕೊಂಡಿದ್ದೆವು. ವೇಳಾಪಟ್ಟಿ ಬದಲಿಸಿದ್ದಕ್ಕೆ ಆಕ್ಷೇಪ ಬಂತು, ಮಕ್ಕಳಿಂದ ಬರಲಿಲ್ಲ.

ಇನ್ನು ಸಾಹಿತ್ಯದ ಮಾತು. ಭಾಷೆಯಾದರೂ ಅಷ್ಟಿಷ್ಟು ಉಳಿದಿದೆ, ಪರೀಕ್ಷಾ ಸಿದ್ಧತೆಯಲ್ಲಿ ನಿಜವಾಗಿ ಸತ್ತಿರುವುದು ಸಾಹಿತ್ಯ. ಹತ್ತನೆಯ ತರಗತಿಯ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ, ಅದೇನೂ ಸಪ್ಪೆ ಪುಸ್ತಕವಲ್ಲ. ಆರ್.ಕೆ. ನಾರಾಯಣ್ ಅವರ ಸ್ವಾಮಿ ಅದರಲ್ಲಿದ್ದಾನೆ. ಹುಲಿಯನ್ನು ಎದುರಿಸಿದ ಹಳ್ಳಿಯ ಹುಡುಗನ ಸುದ್ದಿಯನ್ನು ಸ್ವಾಮಿಯ ತಂದೆ ಪತ್ರಿಕೆಯಲ್ಲಿ ಓದಿ, ಧೈರ್ಯವೇ ಎಲ್ಲ, ಶಕ್ತಿಯೂ ವಯಸ್ಸೂ ಮುಖ್ಯವಲ್ಲ ಎಂದು ವಾದಿಸಿ, ಅಜ್ಜಿಯ ಪಕ್ಕ ಮಲಗುವ ಮಗನನ್ನು ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗಿಸುವ ಕತೆ ಅದು. ಅಜ್ಜಿಯ ಪಕ್ಕ ಮಲಗಿ ಬೆಳೆಯದ ಮಗು ನಮ್ಮ ಹಳ್ಳಿಗಳಲ್ಲಿ ಇದೆಯೇ? ಆದರೂ ಆ ಪಾಠದಿಂದ ಮಕ್ಕಳ ಪಾಲಿಗೆ ಉಳಿದಿರುವುದು ‘ಆ ಸುದ್ದಿ ನಂಬಲಾಗದ್ದು ಎಂದು ಸ್ವಾಮಿಗೆ ಏಕೆ ಅನ್ನಿಸಿತು’ ಎಂಬ ಎರಡು ಅಂಕದ ಪ್ರಶ್ನೆ ಮತ್ತು ಅದಕ್ಕೆ ಗೈಡಿನಲ್ಲಿ ಅಚ್ಚಾದ ಎರಡು ಸಾಲು. ಆ ಎರಡು ಸಾಲನ್ನು ತಡವರಿಸದೆ ಒಪ್ಪಿಸಿದ ಹುಡುಗನೊಬ್ಬನನ್ನು, ಕೊನೆಗೆ ಸ್ವಾಮಿ ಕಚ್ಚಿದ್ದು ಯಾರ ಕಾಲನ್ನು ಎಂದು ಕೇಳಿದಾಗ ಅವನು ‘ಹುಲಿಯದು’ ಎಂದ. ಕಳ್ಳನ ಕಾಲು ಎಂದು ತಿಳಿದಾಗ ತರಗತಿಯೇ ನಕ್ಕಿತು. ಕತೆಯನ್ನು ಪೂರ್ತಿ ಕೇಳಿಸಿಕೊಳ್ಳದೆಯೇ ಅವನು ಪರೀಕ್ಷೆಗೆ ಸಿದ್ಧನಾಗಿದ್ದ.

ವಿ.ಕೃ. ಗೋಕಾಕರ ಇಂಗ್ಲಿಷ್ ಕವಿತೆಯೂ ಆ ಪುಸ್ತಕದಲ್ಲಿದೆ. ಹಿಮಾಲಯವನ್ನು ಹಾಡಲೇ, ಮೂರು ಸಮುದ್ರಗಳನ್ನು ಹಾಡಲೇ ಎಂದು ಕೇಳುವ ಕವಿಗೆ ಭಾರತಾಂಬೆ, ತನ್ನ ಬೀದಿಗಳಲ್ಲಿರುವ ಭಿಕ್ಷುಕರನ್ನೂ ಕುಷ್ಠರೋಗಿಗಳನ್ನೂ ಹಾಡು ಎನ್ನುತ್ತಾಳೆ. ಆ ಕವಿತೆ ಒಂದು ಜಗಳದಂತಿದೆ, ತಾಯಿ-ಮಗನ ಜಗಳ. ಕನ್ನಡದಲ್ಲಿ ‘ವಿನಾಯಕ’ ಎಂಬ ಹೆಸರಿನಲ್ಲಿ ಬರೆದು ಜ್ಞಾನಪೀಠ ಪಡೆದವರೂ ಇವರೇ, ಶಾಲೆಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ನಡೆದ ದೊಡ್ಡ ಚಳವಳಿಗೆ ಹೆಸರು ಬಂದದ್ದೂ ಇವರ ವರದಿಯಿಂದಲೇ, ಇವರು ಜೀವನವಿಡೀ ಕಲಿಸಿದ್ದು ಮಾತ್ರ ಇಂಗ್ಲಿಷನ್ನು ಎಂದು ಹೇಳಿದಾಗ ಮಕ್ಕಳು ಪುಸ್ತಕದ ಆ ಪುಟವನ್ನು ಎರಡನೆಯ ಸಲ ನೋಡುತ್ತಾರೆ. ಹೇಳಲು ಎರಡು ನಿಮಿಷ ಬೇಕು. ಪ್ಯಾಕೇಜಿನಲ್ಲಿ ಅದಕ್ಕೆ ಜಾಗವಿಲ್ಲ.

ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದಕ್ಕೆ ನಾಲ್ಕು ಅಂಕಗಳಿವೆ. ಬಾಯಿಪಾಠದ ವಿರುದ್ಧ ಇಷ್ಟು ಹೇಳಿದ ನಾನು ಈ ನಾಲ್ಕು ಅಂಕಗಳ ಪರವಾಗಿದ್ದೇನೆ. ಪದ್ಯ ಬಾಯಿಗೆ ಬರಬೇಕು. ನಮ್ಮ ಹಿರಿಯರು ವಚನ, ಕೀರ್ತನೆ, ತ್ರಿಪದಿಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. ಆದರೆ ಅವರು ಅದನ್ನು ರಾಗದಲ್ಲಿ ಕಲಿತರು, ಅರ್ಥ ಮಾತಿಗೆ ಬರುವವರೆಗೆ ಮೆಲುಕು ಹಾಕಿದರು. ಷೇಕ್ಸ್‌ಪಿಯರನ ಪೋರ್ಷಿಯಾ ಕರುಣೆಯನ್ನು ಕುರಿತು ಆಡುವ ಪ್ರಸಿದ್ಧ ಮಾತು ಈ ಪಠ್ಯದಲ್ಲಿದೆ. ಕರುಣೆ ಬಾನಿನಿಂದ ಇಳಿಯುವ ಮೆದು ಮಳೆಯಂತೆ ಎನ್ನುವ ಸಾಲು ಬಂದಾಗ, ಇಂಥ ಮಳೆಗೆ ನಿಮ್ಮ ಊರಲ್ಲಿ ಏನು ಹೆಸರು ಎಂದು ಒಮ್ಮೆ ಕೇಳಿದೆ. ನಮ್ಮದು ಮಳೆಗಾಗಿ ಮುಗಿಲು ನೋಡುವ ಸೀಮೆ. ತುಂತುರು ಎಂದಳೊಬ್ಬಳು, ಸೋನೆ ಎಂದನೊಬ್ಬ, ಜಡಿ ಮಳೆ ಎಂದವನನ್ನು ಉಳಿದವರು ಒಪ್ಪಲಿಲ್ಲ. ಹಿಂದಿನ ಬೆಂಚಿನ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ ಎದ್ದು ‘ಹದ ಮಳೆ ಸಾರ್’ ಎಂದ. ಬಿತ್ತನೆಗೆ ತಕ್ಕ ಹೊತ್ತಿಗೆ, ತಕ್ಕಷ್ಟು ಬರುವ ಮಳೆ. ಕೊಟ್ಟವನಿಗೂ ಪಡೆದವನಿಗೂ ಒಳ್ಳೆಯದು ಎಂಬ ಮುಂದಿನ ಸಾಲನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಆ ವರ್ಷ ಆ ಪದ್ಯವನ್ನು ಯಾರೂ ಕುಳಿತು ಉರು ಹೊಡೆಯಲಿಲ್ಲ, ಆದರೂ ಬಹುತೇಕ ಎಲ್ಲರ ಬಾಯಿಗೂ ಬಂದಿತ್ತು.

ಆದರೆ ಆ ಹುಡುಗ ಹದ ಮಳೆಯ ಹೋಲಿಕೆಯನ್ನು ತನ್ನ ಅಂಕುಡೊಂಕು ಇಂಗ್ಲಿಷಿನಲ್ಲಿ ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಸಿಗುತ್ತದೆಯೇ? ಮಾದರಿ ಉತ್ತರಗಳ ಜೊತೆಗೆ ಬೇರೆ ಸೂಕ್ತ ಉತ್ತರಗಳನ್ನೂ ಪರಿಗಣಿಸಬಹುದು ಎಂಬ ಮಾತು ಇರುತ್ತದೆ, ನಿಜ. ಆದರೆ ದಿನಕ್ಕೆ ನಿಗದಿಯಾದಷ್ಟು ಉತ್ತರಪತ್ರಿಕೆಗಳನ್ನು ಮುಗಿಸಬೇಕಾದ ಮೌಲ್ಯಮಾಪಕರ ಕಣ್ಣು ಕೀ ಉತ್ತರದಲ್ಲಿರುವ ಪದಗಳನ್ನೇ ಹುಡುಕುತ್ತದೆ. ಗೈಡಿನ ವಾಕ್ಯಕ್ಕೆ ಪೂರ್ಣ ಅಂಕ, ತಪ್ಪಿದ್ದರೂ ತನ್ನದಾದ ವಾಕ್ಯಕ್ಕೆ ಅರ್ಧ ಅಂಕ ಎಂಬುದು ನಮ್ಮ ಕೊಠಡಿಗಳ ಅಲಿಖಿತ ನಿಯಮ. ಮಕ್ಕಳು ಇದನ್ನು ಬೇಗ ಗ್ರಹಿಸುತ್ತಾರೆ. ಹೀಗಾಗಿ ಸಿದ್ಧತೆಯ ಕ್ರಮ ಬದಲಾಗಬೇಕಾದರೆ ಮೌಲ್ಯಮಾಪನದ ಕ್ರಮ ಮೊದಲು ಬದಲಾಗಬೇಕು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ಪತ್ರ, ಪ್ರಬಂಧ ಮತ್ತು ಪದ್ಯದ ಭಾವಾರ್ಥದ ಪ್ರಶ್ನೆಗಳಿಗಾದರೂ, ಸ್ವಂತ ವಾಕ್ಯಗಳಲ್ಲಿ ವಿಷಯ ಮುಟ್ಟಿಸಿದ ಉತ್ತರಗಳ ನಾಲ್ಕಾರು ನಿಜವಾದ ನಮೂನೆಗಳನ್ನು, ತಪ್ಪುಗಳ ಸಮೇತ, ಇದಕ್ಕೆ ಇಷ್ಟು ಅಂಕ ಎಂದು ಗುರುತು ಮಾಡಿ ಮೌಲ್ಯಮಾಪಕರಿಗೆ ಕೊಡಬೇಕೆಂದು ಕೋರುತ್ತೇನೆ. ಹಾಗೆಯೇ ಪತ್ರದ ಪ್ರಶ್ನೆಯಲ್ಲಿ ‘ನೀವು ಇಂಥ ಊರಿನ ರಾಣಿ ಎಂದು ಭಾವಿಸಿ’ ಎನ್ನುವುದನ್ನು ಬಿಟ್ಟು, ನಿಮ್ಮ ಶಾಲೆಗೆ ಬರುವ ದಾರಿಯಲ್ಲಿ ಸರಿಯಾಗಬೇಕಾದ ಒಂದು ಸಂಗತಿಯನ್ನು ಬರೆಯಿರಿ ಎಂದು ಕೇಳಿದರೆ, ಯಾವ ಗೈಡೂ ಅದಕ್ಕೆ ಉತ್ತರ ಅಚ್ಚು ಹಾಕಲಾರದು. ಪರೀಕ್ಷೆಯಲ್ಲಿ ಗುರುತು ಮರೆಮಾಡಬೇಕಾದ ಕಾರಣ ಊರಿನ ಹೆಸರನ್ನು ಬರೆಯಬೇಡಿ ಎಂದು ಸೂಚಿಸಿದರಾಯಿತು.

ಲಿಖಿತ ಪರೀಕ್ಷೆಯ 80 ಅಂಕಗಳ ಜೊತೆಗೆ ಆಂತರಿಕ ಮೌಲ್ಯಮಾಪನದ 20 ಅಂಕಗಳಿವೆ. ಆಲಿಸುವುದು, ಮಾತನಾಡುವುದು, ಗಟ್ಟಿಯಾಗಿ ಓದುವುದು ಅಲ್ಲಿ ಅಳೆಯಲ್ಪಡಬೇಕಿತ್ತು. ಅವು ಹೇಗೆ ಭರ್ತಿಯಾಗುತ್ತವೆ ಎಂದು ಇಲ್ಲಿ ಬಿಡಿಸಿ ಹೇಳುವುದು ಬೇಡ, ಗೊತ್ತಿರುವವರಿಗೆಲ್ಲ ಗೊತ್ತಿದೆ.

ಇದೆಲ್ಲ ಮುಂದಿನ ವರ್ಷದ ಮಾತಾಯಿತು, ಇನ್ನು ಕೆಲವೇ ವಾರಗಳಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗೆ ಏನು ಮಾಡೋಣ ಎಂದು ಕಿರಿಯ ಶಿಕ್ಷಕ ಮಿತ್ರರು ಕೇಳುತ್ತಾರೆ. ನಿವೃತ್ತನಾದ ಮೇಲೂ ನಮ್ಮೂರ ಶಾಲೆಯ ಸಂಜೆ ತರಗತಿಗೆ ಹೋಗುತ್ತಿರುವುದರಿಂದ, ಮಾಡಿ ನೋಡಿದ್ದನ್ನಷ್ಟೇ ಹೇಳಬಲ್ಲೆ. ಪ್ಯಾಕೇಜನ್ನು ಕಸದ ಬುಟ್ಟಿಗೆ ಹಾಕಿ ಎಂದು ನಾನು ಹೇಳುವುದಿಲ್ಲ, ಅದು ಮಗುವಿಗೆ ಒಂದು ಧೈರ್ಯ. ಅದರ ಮೊದಲ ಹತ್ತು ನಿಮಿಷವನ್ನು ಮಾತ್ರ ಕಸಿದುಕೊಳ್ಳಿ. ಆ ಹತ್ತು ನಿಮಿಷದಲ್ಲಿ ಪ್ರತಿ ಮಗುವೂ ಆ ದಿನ ತನಗೆ ನಿಜವಾಗಿ ನಡೆದ ಒಂದು ಸಂಗತಿಯನ್ನು ಒಂದು ಇಂಗ್ಲಿಷ್ ವಾಕ್ಯದಲ್ಲಿ ಬರೆಯಲಿ. ಪದ ಗೊತ್ತಿಲ್ಲದ ಕಡೆ ಕನ್ನಡ ಲಿಪಿಯಲ್ಲಿ ಕನ್ನಡ ಪದವನ್ನೇ ಬರೆಯಲಿ. ನಮ್ಮ ತರಗತಿಯಲ್ಲಿ ಮೊದಲ ದಿನ ಬಂದ ವಾಕ್ಯಗಳಲ್ಲಿ ಒಂದು, ‘ಮೈ ಗೋಟ್’ ಎಂದು ಶುರುವಾಗಿ, ‘ಈದಿತು’ ಎಂಬ ಕನ್ನಡ ಪದದಲ್ಲಿ ಮುಗಿದಿತ್ತು. ಅಂಥ ವಾಕ್ಯವನ್ನು ಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ನೆಟ್ಟಗೆ ಮಾಡಿದರೆ ಕ್ರಿಯಾಪದದ ಜಾಗವೂ ಭೂತಕಾಲದ ರೂಪವೂ ಒಟ್ಟಿಗೇ ಕಲಿತಂತಾಗುತ್ತದೆ. ಆಡು ಎರಡು ಮರಿ ಹಾಕಿದ ವಿಷಯವೂ ಎಲ್ಲರಿಗೂ ತಿಳಿಯುತ್ತದೆ. ಇದರ ಜೊತೆಗೆ ಎಲ್ಲರೂ ಮರೆತಿರುವ ಉಕ್ತಲೇಖನವನ್ನು ವಾರಕ್ಕೆರಡು ಬಾರಿ ಮಾಡಿಸಿ. ನುಡಿದಂತೆ ಬರೆಯುವ ಕನ್ನಡದಿಂದ ಬಂದ ಮಗುವಿಗೆ ಇಂಗ್ಲಿಷಿನ ಕಾಗುಣಿತ ಕಣ್ಣಿನಿಂದಷ್ಟೇ ಹತ್ತುವುದಿಲ್ಲ, ಕಿವಿ ಮತ್ತು ಕೈ ಎರಡೂ ಬೇಕು.

ಕೊನೆಯದಾಗಿ ತಮ್ಮಲ್ಲಿಯೇ ಒಂದು ಬೇಡಿಕೆ ಇದೆ. ಜನವರಿಯಿಂದ ಮಾರ್ಚ್‌ವರೆಗೆ ಬಹುತೇಕ ಎಲ್ಲ ಕನ್ನಡ ಪತ್ರಿಕೆಗಳಲ್ಲೂ ಎಸ್ಸೆಸ್ಸೆಲ್ಸಿಯ ಮಾದರಿ ಪ್ರಶ್ನೋತ್ತರಗಳು ಬರುತ್ತವೆ. ಇಂಗ್ಲಿಷ್ ವಿಷಯದ ದಿನ ಆ ಪುಟವನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸುವುದನ್ನೂ ನೋಡಿದ್ದೇನೆ. ಅದು ಇನ್ನೊಂದು ಪ್ಯಾಕೇಜ್ ಅಷ್ಟೇ. ಆ ಪುಟದ ಕಾಲು ಭಾಗದಲ್ಲಿ ವಾರಕ್ಕೊಮ್ಮೆ, ಯಾವ ಪಠ್ಯದಲ್ಲೂ ಇಲ್ಲದ ಹತ್ತು ಸಾಲಿನ ಸರಳ ಇಂಗ್ಲಿಷ್ ಗದ್ಯವನ್ನು ಉತ್ತರಗಳಿಲ್ಲದ ಪ್ರಶ್ನೆಗಳೊಂದಿಗೆ ಕೊಡಿ. ಪಕ್ಕದಲ್ಲಿ, ಮಗುವೊಂದು ತಮಗೆ ನಿಜವಾಗಿಯೂ ಬರೆದು ಅಂಚೆಗೆ ಹಾಕಿದ ಇಂಗ್ಲಿಷ್ ಪತ್ರವನ್ನು ಒಂದೆರಡು ಕಡೆ ತಿದ್ದಿ ಪ್ರಕಟಿಸಿ. ಸಂಪಾದಕರು ಎಂಬುವರು ಪ್ರಶ್ನೆಪತ್ರಿಕೆಯ ಹೊರಗೂ ಇದ್ದಾರೆ, ಬರೆದದ್ದನ್ನು ಓದುತ್ತಾರೆ ಎಂದು ಮಕ್ಕಳಿಗೆ ಗೊತ್ತಾಗಲಿ. ಬರುವ ಪತ್ರಗಳನ್ನು ತಿದ್ದಲು ಜನ ಬೇಕಾದರೆ ವಾರಕ್ಕೆ ಐವತ್ತು ಪತ್ರಗಳನ್ನು ನಾನೇ ತಿದ್ದಿಕೊಡುತ್ತೇನೆ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಬಳಿ ಇದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕ,
ತುಮಕೂರು ಜಿಲ್ಲೆ